ಹಳೆಯ ಸ್ಕೂಟರಿನ ಡ್ರಮ್ ಬ್ರೇಕು: ಪುಣೆಯಲ್ಲಿ ಸವೆತ ಮತ್ತು ದುರಸ್ತಿ

ಚಕ್ರದ ಜೊತೆ ತಿರುಗುವ ಬೀಡುಕಬ್ಬಿಣದ ಡ್ರಮ್ಮನ್ನು ಒಳಗಿನಿಂದ ಎರಡು ಶೂಗಳು ಒತ್ತಿ, ಉಜ್ಜಿ ನಿಲ್ಲಿಸುವ ಸಾಧನ ಡ್ರಮ್ ಬ್ರೇಕು. ಹಳೆಯ ವೆಸ್ಪಾ, ಬಜಾಜ್ ಚೇತಕ್, ಬಜಾಜ್ ಸೂಪರ್, ಪ್ರಿಯಾ ಸ್ಕೂಟರುಗಳ ಎರಡೂ ಚಕ್ರಗಳಲ್ಲಿ ಇರುವುದು ಇದೇ. ಎಣ್ಣೆಯ ಒತ್ತಡವಿಲ್ಲ, ಎಲ್ಲವೂ ಕೇಬಲ್ಲಿನ ಎಳೆತದಿಂದಲೇ ನಡೆಯಬೇಕು. ಸವೆದ ಇಂಥ ಬ್ರೇಕನ್ನು ಮತ್ತೆ ಹದಕ್ಕೆ ತರುವ ಕೆಲಸ ಪುಣೆಯ ಗ್ಯಾರೇಜುಗಳಲ್ಲಿ ಎರಡು ಮೂರು ತಲೆಮಾರುಗಳಿಂದ ನಡೆದುಬಂದಿದೆ. 'ಬ್ರೇಕ್ ಸರಿಮಾಡಿಸಿಕೊಂಡು ಬಂದೆ' ಎಂದು ಗಾಡಿಯ ಯಜಮಾನರು ಹೇಳುವಾಗ ಬಹಳ ಸಲ ನಡೆದಿರುವುದು ಕೇಬಲ್ಲಿನ ತುದಿಯ ಅಡ್ಜಸ್ಟರನ್ನು ಒಂದೆರಡು ಸುತ್ತು ಬಿಗಿಸಿದ್ದು, ಅಷ್ಟೇ. ಅದರಿಂದ ಸವೆತ ಮರೆಯಾಗುತ್ತದೆಯೇ ಹೊರತು ಹೋಗುವುದಿಲ್ಲ. ಶೂ, ಡ್ರಮ್ಮು, ಕ್ಯಾಮ್, ಆಯಿಲ್ ಸೀಲ್, ಕೇಬಲ್ ಇವೈದನ್ನೂ ಒಟ್ಟಿಗೆ ನೋಡಿದರೆ ಮಾತ್ರ ಅದನ್ನು ದುರಸ್ತಿ ಎನ್ನಬಹುದು.

ನಗರವೂ ಸ್ಕೂಟರೂ

ಸೈಕಲ್ಲುಗಳ ಊರೆಂದು ಹೆಸರಾಗಿದ್ದ ಪುಣೆ ಸ್ಕೂಟರಿನ ಊರಾದದ್ದರಲ್ಲಿ ಅದರ ಮಗ್ಗುಲಲ್ಲೇ ಎದ್ದ ಕಾರ್ಖಾನೆಗಳ ಪಾಲು ದೊಡ್ಡದು. 1945ರಲ್ಲಿ ಬಚ್‌ರಾಜ್ ಟ್ರೇಡಿಂಗ್ ಕಾರ್ಪೊರೇಷನ್ ಎಂಬ ಹೆಸರಿನಲ್ಲಿ ಹುಟ್ಟಿದ ಸಂಸ್ಥೆ 1948ರಿಂದ ಎರಡು ಮತ್ತು ಮೂರು ಚಕ್ರದ ವಾಹನಗಳನ್ನು ಆಮದು ಮಾಡಿ ಮಾರುತ್ತಿತ್ತು. 1959ರಲ್ಲಿ ಅದಕ್ಕೆ ತಯಾರಿಕೆಯ ಪರವಾನಗಿ ದೊರೆಯಿತು. ಇಟಲಿಯ ಪಿಯಾಜಿಯೊ ಜೊತೆಗಿನ ಒಪ್ಪಂದದಲ್ಲಿ ವೆಸ್ಪಾ 150 ತಯಾರಾಗತೊಡಗಿತು. ಪುಣೆ–ಮುಂಬಯಿ ರಸ್ತೆಯ ಆಕುರ್ಡಿ ಬಜಾಜ್ ಆಟೊದ ನೆಲೆಯಾಯಿತು. 1971ರಲ್ಲಿ ಒಪ್ಪಂದ ಮುಗಿದ ಮೇಲೆ, 1972ರಲ್ಲಿ, ರಾಣಾ ಪ್ರತಾಪನ ಕುದುರೆಯ ಹೆಸರು ಹೊತ್ತು ಚೇತಕ್ ಬಂತು. ಹೆಸರು ಹೊಸದಾದರೂ ಚಕ್ರ, ಬ್ರೇಕುಗಳ ವಿನ್ಯಾಸ ವೆಸ್ಪಾದ್ದೇ. 1975ರಲ್ಲಿ ಸ್ಥಾಪನೆಯಾದ ಮಹಾರಾಷ್ಟ್ರ ಸ್ಕೂಟರ್ಸ್ ಸಾತಾರಾದಲ್ಲಿ ಪ್ರಿಯಾ ತಯಾರಿಸಿತು. ಫಿರೋದಿಯಾ ಮನೆತನದ ಕೈನೆಟಿಕ್ ಇಂಜಿನಿಯರಿಂಗ್ 1972ರಲ್ಲೇ ಲೂನಾ ಮೊಪೆಡ್ಡನ್ನು ರಸ್ತೆಗಿಳಿಸಿತ್ತು. ಸ್ಕೂಟರಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯುತ್ತಿದ್ದ ಕಾಲವದು. ಹಾಗೆ ಕಾದು ಪಡೆದದ್ದನ್ನು ಯಾರೂ ಸುಲಭಕ್ಕೆ ಬಿಟ್ಟುಕೊಡುತ್ತಿರಲಿಲ್ಲ. ಮೂವತ್ತು ನಲವತ್ತು ವರ್ಷ ಹಳೆಯ ಚೇತಕ್‌ಗಳು ಇಂದಿಗೂ ಪೇಟೆಗಳ ಗಲ್ಲಿಗಳಲ್ಲಿ ತರಕಾರಿ ಹೇರಿಕೊಂಡು ಓಡುವುದಕ್ಕೆ ಈ ಮಮತೆ ಒಂದು ಕಾರಣ, ಬಿಡಿಭಾಗ ಕೈಗೆಟಕುವಂತಿರುವುದು ಇನ್ನೊಂದು.

ಕರ್ನಾಟಕದಲ್ಲೂ ಇದೇ ಗಾಡಿಗಳು, ಇದೇ ರೋಗಗಳು. ಹುಬ್ಬಳ್ಳಿ, ಬೆಳಗಾವಿಯ ಮೆಕ್ಯಾನಿಕ್ಕುಗಳು ಬಳಸುವ ಪದಗಳೂ ಪುಣೆಯವೇ: ಲೈನರ್, ಡ್ರಮ್ ಟರ್ನಿಂಗ್, ಆಯಿಲ್ ಸೀಲ್, ಪ್ಯಾಕಿಂಗ್. ಮರಾಠಿ, ಕನ್ನಡ ಎಂಬ ಭೇದ ಈ ಪದಗಳಿಗಿಲ್ಲ.

ಒಳರಚನೆ

ಚೇತಕ್‌ನ ಡ್ರಮ್ಮಿನ ಒಳವ್ಯಾಸ ಸುಮಾರು 150 ಮಿ.ಮೀ. ಅದರೊಳಗೆ ಅರ್ಧಚಂದ್ರಾಕಾರದ ಎರಡು ಶೂಗಳಿರುತ್ತವೆ. ಶೂವಿನ ಮೈಗೆ ಕೂರಿಸಿದ, ಡ್ರಮ್ಮನ್ನು ಉಜ್ಜುವ ಪಟ್ಟಿಯೇ ಲೈನರು. ಶೂಗಳ ಒಂದು ತುದಿ ಪಿನ್ನಿನ ಮೇಲೆ ಕೂತಿರುತ್ತದೆ, ಇನ್ನೊಂದು ತುದಿ ಕ್ಯಾಮ್ ಎಂಬ ಚಪ್ಪಟೆ ಉಕ್ಕಿನ ತುಂಡಿಗೆ ಆತುಕೊಂಡಿರುತ್ತದೆ. ಕೇಬಲ್ ಎಳೆದಾಗ ಕ್ಯಾಮ್ ತಿರುಗಿ ಶೂಗಳನ್ನು ಅಗಲಿಸುತ್ತದೆ, ಬಿಟ್ಟಾಗ ಸ್ಪ್ರಿಂಗು ಅವನ್ನು ಹಿಂದಕ್ಕೆಳೆಯುತ್ತದೆ. ಮುಂದಿನದು ಬಲಗೈ ಲಿವರಿಗೆ, ಹಿಂದಿನದು ಬಲಗಾಲಿನ ಪೆಡಲಿಗೆ ಸೇರಿದ್ದು.

ಎರಡು ಶೂಗಳು ಸಮನಾಗಿ ದುಡಿಯುವುದಿಲ್ಲ. ಡ್ರಮ್ಮು ತಿರುಗುವ ದಿಕ್ಕು ಒಂದು ಶೂವನ್ನು ತನ್ನತ್ತ ಇನ್ನಷ್ಟು ಸೆಳೆದುಕೊಳ್ಳುತ್ತದೆ. ಇನ್ನೊಂದನ್ನು ದೂರ ತಳ್ಳುತ್ತದೆ. ಹಾಗಾಗಿ ಮೊದಲನೆಯದರ ಹಿಡಿತ ಹೆಚ್ಚು, ಸವೆತವೂ ಹೆಚ್ಚು. ಬಿಚ್ಚಿ ನೋಡಿದಾಗ ಒಂದು ಲೈನರು ತೆಳುವಾಗಿ ಇನ್ನೊಂದು ದಪ್ಪವಾಗಿ ಉಳಿದಿದ್ದರೆ ಅದು ಸಹಜವೇ. ಗಾಡಿ ಏರಿನಲ್ಲಿ ಹಿಂದಕ್ಕೆ ಜಾರುವಾಗ ಪಾತ್ರ ಅದಲುಬದಲಾಗಿ ಎರಡನೆಯ ಶೂ ಹಿಡಿಯುತ್ತದೆ. ಕಾತ್ರಜ್ ಏರಿನಲ್ಲಿ ಅರ್ಧಕ್ಕೆ ನಿಂತ ಸ್ಕೂಟರು ಕಾಲ್ಬ್ರೇಕಿಗೆ ನಿಲ್ಲುವುದು ಈ ಜೋಡಣೆಯ ಗುಣದಿಂದ.

   

ಸವೆತದ ಕುರುಹು

ಲಿವರು ಹಿಡಿಕೆಗೆ ತಾಗುವವರೆಗೆ ಬರುವುದು, ಪೆಡಲು ನೆಲಹಾಸಿಗೆ ಮುಟ್ಟುವುದು ಎಲ್ಲರಿಗೂ ಗೊತ್ತಾಗುವ ಲಕ್ಷಣ. ಅದಕ್ಕಿಂತ ಮುಂಚೆಯೇ ಸುಳಿವು ಕೊಡುವುದು ಅಡ್ಜಸ್ಟರು. ಅದರ ಎಳೆಗಳೆಲ್ಲ ಹೊರಬಂದು ಮುಂದೆ ಬಿಗಿಸಲು ಜಾಗವೇ ಉಳಿದಿಲ್ಲವೆಂದರೆ ಲೈನರಿನ ಆಯುಷ್ಯ ಮುಗಿದಿದೆ. ಇನ್ನೊಂದು ಗುರುತು ಚಕ್ರದ ಹಿಂದಿನ ಕ್ಯಾಮ್ ಲಿವರಿನ ಕೋನ. ಬ್ರೇಕು ಒತ್ತಿದಾಗ ಕೇಬಲ್ಲಿಗೂ ಆ ಲಿವರಿಗೂ ನಡುವೆ ಲಂಬಕೋನಕ್ಕಿಂತ ಕಡಿಮೆ ಇದ್ದರೆ ಎಳೆತ ಪೂರ್ತಿ ಫಲ ಕೊಡುತ್ತದೆ. ಲಂಬಕೋನವನ್ನು ದಾಟಿದ ಮೇಲೆ ಎಷ್ಟು ಒತ್ತಿದರೂ ಶೂಗೆ ಮುಟ್ಟುವ ಬಲ ಇಳಿಯುತ್ತ ಹೋಗುತ್ತದೆ.

ಕೀರಲು ಸದ್ದೆಲ್ಲ ಸವೆತದ್ದಲ್ಲ. ದೂಳು, ಲೈನರಿನ ಮೇಲ್ಮೈ ಕಾದು ಗಾಜಿನಂತಾಗುವುದು, ಸಡಿಲ ಸ್ಪ್ರಿಂಗು ಇವೂ ಸದ್ದು ಮಾಡುತ್ತವೆ. ಆದರೆ ಲೋಹಕ್ಕೆ ಲೋಹ ಕೆರೆಯುವ ಒರಟು ಸದ್ದು ಬಂತೆಂದರೆ ಲೈನರನ್ನು ಶೂಗೆ ಹಿಡಿದಿಟ್ಟ ರಿವೆಟ್ಟಿನ ತಲೆ ಡ್ರಮ್ಮನ್ನು ಗೀರುತ್ತಿದೆಯೆಂದೇ ಅರ್ಥ. ಆಮೇಲೆ ಓಡಿಸಿದ ಒಂದೊಂದು ಕಿಲೋಮೀಟರೂ ಡ್ರಮ್ಮಿನ ಬೆಲೆಯನ್ನು ಲೈನರಿನ ಬೆಲೆಗೆ ಕೂಡಿಸುತ್ತದೆ.

ಈ ಜಾತಿಯ ಸ್ಕೂಟರಿಗೇ ವಿಶಿಷ್ಟವಾದ ರೋಗವೊಂದಿದೆ. ಹಿಂದಿನ ಡ್ರಮ್ಮು ನೇರವಾಗಿ ಗೇರುಪೆಟ್ಟಿಗೆಯಿಂದ ಹೊರಬರುವ ಆಕ್ಸಲ್ಲಿನ ಮೇಲೆ ಕೂರುತ್ತದೆ. ಗೇರೆಣ್ಣೆಗೂ ಬ್ರೇಕಿಗೂ ನಡುವೆ ಇರುವುದು ಒಂದೇ ಒಂದು ರಬ್ಬರಿನ ಆಯಿಲ್ ಸೀಲ್. ಅದು ಹಳತಾಗಿ ಗಡುಸಾದರೆ ಎಣ್ಣೆ ಜಿನುಗಿ ಲೈನರಿಗೆ ಹತ್ತುತ್ತದೆ. ಇಂಥ ಗಾಡಿಗೆ ಹೊಸ ಶೂ ಹಾಕಿದರೆ ವಾರದೊಳಗೆ ಅದೂ ಎಣ್ಣೆ ಕುಡಿದು ಜಾರತೊಡಗುತ್ತದೆ, ಮೆಕ್ಯಾನಿಕ್ಕು 'ಲೈನರ್ ಡೂಪ್ಲಿಕೇಟು' ಎಂದು ಅಂಗಡಿಯವನನ್ನು ಬೈಯುತ್ತಾನೆ. ಹಿಂಚಕ್ರದ ಒಳಮಗ್ಗುಲಲ್ಲಿ ಕಪ್ಪು ಜಿಡ್ಡು ಕಂಡರೆ ಮೊದಲು ಸೀಲ್, ಆಮೇಲೆ ಶೂ. ಮುಂಚಕ್ರದಲ್ಲಿ ಬೇರಿಂಗಿಗೆ ಕೈತುಂಬ ಮೆತ್ತಿದ ಗ್ರೀಸು ಇದೇ ಕೇಡನ್ನು ಮಾಡುತ್ತದೆ.

ಘಾಟು ಮತ್ತು ಮಳೆ

ಪುಣೆಯ ಸುತ್ತಲಿನ ನೆಲವೇ ಬ್ರೇಕನ್ನು ಪರೀಕ್ಷಿಸುತ್ತದೆ. ದಕ್ಷಿಣಕ್ಕೆ ಕಾತ್ರಜ್ ಘಾಟು, ಸಾಸವಡದ ಕಡೆಗೆ ದಿವೆ ಘಾಟು ಮತ್ತು ಬೋಪದೇವ ಘಾಟು, ನೈರುತ್ಯಕ್ಕೆ ಸಿಂಹಗಡ. ಲೆಕ್ಕ ಹಾಕಿ ನೋಡಬಹುದು. ಇಬ್ಬರು ಕೂತ ಸ್ಕೂಟರಿನ ಒಟ್ಟು ತೂಕ 240 ಕೆ.ಜಿ. ಎಂದಿಟ್ಟುಕೊಂಡರೆ, ಗಂಟೆಗೆ 40 ಕಿ.ಮೀ. ವೇಗದಿಂದ ಒಮ್ಮೆ ನಿಲ್ಲಿಸಲು ಬ್ರೇಕುಗಳು ಸುಮಾರು 15 ಕಿಲೊಜೂಲ್ ಶಕ್ತಿಯನ್ನು ಶಾಖವಾಗಿಸಬೇಕು. ಅದೇ ಗಾಡಿ 600 ಮೀಟರ್ ಎತ್ತರದಿಂದ ಇಳಿದರೆ ಬಿಡುಗಡೆಯಾಗುವ ಶಕ್ತಿ 1,400 ಕಿಲೊಜೂಲಿಗೂ ಹೆಚ್ಚು. ಅಂದರೆ ಹತ್ತಿರಹತ್ತಿರ ನೂರು ಸಲ ನಿಲ್ಲಿಸಿದಷ್ಟು. ಗಾಳಿ, ಟಯರು, ಎಂಜಿನ್ನು ಅದರಲ್ಲೊಂದು ಪಾಲು ಹೊರುತ್ತವೆ; ಉಳಿದದ್ದು ಗಾಳಿಯಾಡದ ಡ್ರಮ್ಮಿನೊಳಗೇ ಕಾಯಬೇಕು. ಕಾದ ಲೈನರಿನ ಹಿಡಿತ ಕುಗ್ಗುತ್ತದೆ, ಕಾದ ಡ್ರಮ್ಮು ಹಿಗ್ಗಿ ಶೂನಿಂದ ದೂರ ಸರಿಯುತ್ತದೆ. ಎರಡೂ ಸೇರಿ ಲಿವರು ಮೆತ್ತಗಾಗುತ್ತದೆ. ಆಗ ನಿಲ್ಲಿಸಿ ಚಹಾ ಕುಡಿಯುವುದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಬಿಸಿ ಡ್ರಮ್ಮಿಗೆ ನೀರು ಸುರಿದರೆ ಬೀಡು ಬಿರಿಯಬಹುದು.

ಎಂಜಿನ್ನಿನ ಪಾಲು ಸಣ್ಣದಾಗಿರುವುದಕ್ಕೂ ಕಾರಣವಿದೆ. ಹಳೆಯ ಚೇತಕ್‌ನದು ಟೂ ಸ್ಟ್ರೋಕ್ ಎಂಜಿನ್ನು. ಅದಕ್ಕೆ ಎಣ್ಣೆ ಸಿಗುವುದು ಪೆಟ್ರೋಲಿನ ಜೊತೆ ಬೆರೆತು. ಥ್ರಾಟಲ್ ಮುಚ್ಚಿ ಉದ್ದಕ್ಕೂ ಗೇರಿನಲ್ಲಿ ಇಳಿದರೆ ಎಂಜಿನ್ನು ಜೋರಾಗಿ ತಿರುಗುತ್ತಿರುತ್ತದೆ, ಪೆಟ್ರೋಲಿನ ಜೊತೆ ಎಣ್ಣೆಯೂ ನಿಂತಿರುತ್ತದೆ. ಪಿಸ್ಟನ್ ಹಿಡಿದೀತೆಂಬ ಹೆದರಿಕೆಗೆ ಹಲವರು ಕ್ಲಚ್ ಒತ್ತಿ ಇಲ್ಲವೇ ನ್ಯೂಟ್ರಲ್‌ನಲ್ಲಿ ಇಳಿಯುತ್ತಾರೆ, ಪೆಟ್ರೋಲು ಉಳಿಯಿತೆಂಬ ಸಮಾಧಾನವೂ ಇದಕ್ಕೆ ಸೇರಿಕೊಳ್ಳುತ್ತದೆ. ಆಗ ಭಾರವೆಲ್ಲ ಬ್ರೇಕಿನ ಮೇಲೆ. ಗೇರಿನಲ್ಲೇ ಇಳಿಯುತ್ತ ಆಗಾಗ ಥ್ರಾಟಲನ್ನು ಕ್ಷಣಹೊತ್ತು ತೆರೆದು ಎಂಜಿನ್ನಿಗೆ ಎಣ್ಣೆ ಉಣಿಸುವುದು ಬಲ್ಲವರ ಕ್ರಮ. ಇಳಿಜಾರಿನ ಅಪಾಯ ದೊಡ್ಡ ವಾಹನಗಳಿಗೂ ತಪ್ಪಿದ್ದಲ್ಲ. ಬೆಂಗಳೂರಿನಿಂದ ಪುಣೆಗೆ ಬರುವವರು ಕಾತ್ರಜ್‌ನ ಹೊಸ ಸುರಂಗ ದಾಟಿ ನವಲೆ ಸೇತುವೆಯತ್ತ ಇಳಿಯುವ ಹೆದ್ದಾರಿಯಲ್ಲಿ 2022ರ ನವೆಂಬರ್ 20ರಂದು ಹಿಡಿತ ತಪ್ಪಿದ ಭಾರೀ ವಾಹನವೊಂದು ಹತ್ತಾರು ವಾಹನಗಳಿಗೆ ಬಡಿದ ಘಟನೆ ದೇಶದಾದ್ಯಂತ ಸುದ್ದಿಯಾಗಿತ್ತು.

ಮಳೆಗಾಲದ ಕಥೆ ಬೇರೆ. ನೀರು ನುಗ್ಗಿದ ಡ್ರಮ್ಮು ಮೊದಲ ಕೆಲವು ಒತ್ತುಗಳಿಗೆ ಹಿಡಿಯುವುದೇ ಇಲ್ಲ. ತೋಯ್ದ ಗಾಡಿಯನ್ನು ಎರಡು ದಿನ ನಿಲ್ಲಿಸಿದರೆ ತುಕ್ಕಿನಿಂದ ಶೂ ಡ್ರಮ್ಮಿಗೆ ಅಂಟಿಕೊಳ್ಳುತ್ತದೆ. ಕ್ಯಾಮ್ ತಿರುಗುವ ತೂತಿನಲ್ಲಿ ಸೇರಿದ ಕೆಸರು ಒಣಗಿ, ಒತ್ತಿದ ಬ್ರೇಕು ಹಿಂದಕ್ಕೆ ಬಾರದಂತೆ ಮಾಡುತ್ತದೆ. ಖಂಡೇನವಮಿಗೆ ಗಾಡಿ ತೊಳೆದು ಚೆಂಡುಹೂ ಕಟ್ಟುವ ಮುನ್ನ ಚಕ್ರ ಬಿಚ್ಚಿಸುವುದು ಆ ಕಾರಣಕ್ಕೆ ಒಳ್ಳೆಯ ರೂಢಿ.

ಬಿಚ್ಚಿ ನೋಡುವುದು

ಈ ಸ್ಕೂಟರುಗಳ ಒಂದು ದೊಡ್ಡ ಅನುಕೂಲವೆಂದರೆ ಕಾರಿನಂತೆ ಚಕ್ರವನ್ನು ಐದು ನಟ್ಟು ಬಿಚ್ಚಿ ತೆಗೆಯಬಹುದು. ವಿನ್ಯಾಸಕಾರ ಕೊರ್ರಾದಿನೊ ದಾಸ್ಕಾನಿಯೊ 1946ರ ವೆಸ್ಪಾಕ್ಕೆ ಚಕ್ರವನ್ನು ಒಂದೇ ಬದಿಯಿಂದ ಹಿಡಿಸಿದ್ದರ ಫಲ ಇದು. ಹಿಂಚಕ್ರಕ್ಕಾಗಿ ಪೆಟ್ರೋಲ್ ಕಾಕ್ ಮುಚ್ಚಿ, ಗಾಡಿಯನ್ನು ಎಂಜಿನ್ನಿರುವ ಬಲಮಗ್ಗುಲಿಗೆ ವಾಲಿಸುತ್ತಾರೆ. ಕೆಳಗೊಂದು ಹಳೆಯ ಟಯರು. ಚಕ್ರ ಬಂದ ಮೇಲೆ ನಡುವಿನ ಮುಚ್ಚಳ, ಸ್ಪ್ಲಿಟ್ ಪಿನ್, ದೊಡ್ಡ ನಟ್ಟು, ಆಮೇಲೆ ಡ್ರಮ್ಮು. ಡ್ರಮ್ಮು ಬಾರದಿದ್ದರೆ ಪುಲ್ಲರ್ ಹಾಕಬೇಕು. ಸುತ್ತಿಗೆಯಿಂದ ಅಂಚಿಗೆ ಬಡಿದು ತೆಗೆಯುವ ಅವಸರದಲ್ಲಿ ಎಷ್ಟೋ ಒಳ್ಳೆಯ ಡ್ರಮ್ಮುಗಳು ಹಾಳಾಗಿವೆ. ತೆಗೆದ ಸ್ಪ್ಲಿಟ್ ಪಿನ್ನನ್ನು ನೆಟ್ಟಗೆ ಮಾಡಿ ಮತ್ತೆ ಹಾಕುವುದು ಕಾಸಿನ ಉಳಿತಾಯಕ್ಕೆ ಚಕ್ರವನ್ನು ಪಣಕ್ಕಿಟ್ಟಂತೆ.

ಡ್ರಮ್ಮಿನ ಒಳಮೈಯಲ್ಲಿ ಬೆರಳಾಡಿಸಿದರೆ ಗೀರು, ಅಂಚಿನಲ್ಲಿ ಏರಿದ ದಿಂಡು ತಿಳಿಯುತ್ತದೆ. ಲಿವರು ಒತ್ತಿದಾಗ ನಾಡಿಯಂತೆ ಮಿಡಿಯುತ್ತಿದ್ದರೆ ಡ್ರಮ್ಮು ಗುಂಡಾಗಿ ಉಳಿದಿಲ್ಲ. ಸಣ್ಣ ದೋಷವನ್ನು ಲೇತಿನಲ್ಲಿ ತಿರುಗಿಸಿ ಕಳೆಯಬಹುದು. ಆದರೆ ತಿರುಗಿಸಿದಷ್ಟೂ ಡ್ರಮ್ಮು ತೆಳುವಾಗುತ್ತದೆ, ಶೂನ ಬಾಗಿಗೂ ಡ್ರಮ್ಮಿನ ಬಾಗಿಗೂ ಹೊಂದಿಕೆ ತಪ್ಪುತ್ತದೆ. ಎರಡನೆಯ ಸಲ ಲೇತಿಗೆ ಒಯ್ಯಬೇಕಾಗಿ ಬಂದರೆ ಬೇರೆ ಡ್ರಮ್ಮು ಹುಡುಕುವುದೇ ಲೇಸು. ರಿವೆಟ್ ಹಾಕಿದ ಲೈನರಿನಲ್ಲಿ ರಿವೆಟ್ಟಿನ ತಲೆಯ ಮೇಲೆ ಎಷ್ಟು ಉಳಿದಿದೆ ಎಂಬುದು ಮುಖ್ಯ, ಅಂಟಿಸಿದ್ದರಲ್ಲಿ ಒಟ್ಟು ದಪ್ಪ. ಎರಡು ಮಿಲಿಮೀಟರಿಗೆ ಇಳಿದಿದ್ದರೆ ಬದಲಿಸುವ ಹೊತ್ತು.

ಕ್ಯಾಮ್ ಅನ್ನು ಹೆಚ್ಚಿನವರು ಮರೆಯುತ್ತಾರೆ. ಅದರ ದಂಡ ಕೂರುವ ತೂತು ಸವೆದು ಅಗಲವಾಗಿದ್ದರೆ ಎಳೆತದ ಮೊದಲ ಪಾಲು ಅಲ್ಲಾಟಕ್ಕೇ ಹೋಗುತ್ತದೆ. ಸವೆದ ಶೂವಿನಿಂದಲೇ ಇನ್ನಷ್ಟು ದಿನ ದೂಡಲು ಶೂವಿನ ತುದಿಗೂ ಕ್ಯಾಮಿಗೂ ನಡುವೆ ತಗಡಿನ ಪ್ಯಾಕಿಂಗ್ ಕೊಡುವ ಒಂದು ಕಳ್ಳಜಾಣತನವಿದೆ. ಲಿವರು ಗಟ್ಟಿಯಾಗಿ ಗಿರಾಕಿಗೆ ಖುಷಿಯಾಗುತ್ತದೆ. ತಗಡು ಜಾರಿ ಶೂ ಮತ್ತು ಡ್ರಮ್ಮಿನ ನಡುವೆ ಸಿಕ್ಕರೆ ಓಡುವ ಚಕ್ರ ತಟ್ಟನೆ ಕಚ್ಚಿಕೊಳ್ಳುತ್ತದೆ. ಲೈನರು ತೀರಾ ಸವೆದಾಗ ಕ್ಯಾಮ್ ಅತಿಯಾಗಿ ತಿರುಗಿ ಅಡ್ಡಬಿದ್ದು ಹಿಂದಿರುಗದಿರುವುದೂ ಉಂಟು, ಪರಿಣಾಮ ಅದೇ.

ಲೈನರ್ ಕಟ್ಟುವ ಕಸುಬು

ಸಿದ್ಧ ಶೂಗಳು ಅಗ್ಗವಾಗಿ ಸಿಗುವ ಮುಂಚೆ ಹಳೆಯ ಶೂಗೆ ಹೊಸ ಲೈನರ್ ಕಟ್ಟಿಸುವುದೇ ವಾಡಿಕೆಯಾಗಿತ್ತು. ಲಾರಿ, ಬಸ್ಸುಗಳ ಬ್ರೇಕಿಗೆ ಈ ಕಸುಬು ಇನ್ನೂ ಜೀವಂತ; ಸ್ಕೂಟರಿಗೆ ಮಾಡಿಕೊಡುವವರು ಕಡಿಮೆಯಾಗಿದ್ದಾರೆ. ಹಳೆಯ ರಿವೆಟ್ಟುಗಳನ್ನು ಕೊರೆದು ತೆಗೆದು, ಶೂವಿನ ಮೈಯನ್ನು ತುಕ್ಕಿಲ್ಲದಂತೆ ಉಜ್ಜಿ, ಹೊಸ ಪಟ್ಟಿಯನ್ನು ಕ್ಲ್ಯಾಂಪಿನಲ್ಲಿ ಹಿಡಿದು ಮೆದು ಲೋಹದ ರಿವೆಟ್ಟು ಹೊಡೆಯುತ್ತಾರೆ. ಕುಶಲ ಕೈ ನಡುವಿನಿಂದ ಶುರುಮಾಡಿ ತುದಿಗಳತ್ತ ಸಾಗುತ್ತದೆ. ತುದಿಯಿಂದ ಶುರುವಾದರೆ ನಡುವೆ ಪಟ್ಟಿ ಉಬ್ಬಿ ಕೆಳಗೆ ಟೊಳ್ಳು ಉಳಿಯುತ್ತದೆ, ಆ ಟೊಳ್ಳಿನಲ್ಲೇ ಮುಂದೆ ಬಿರುಕು ಹುಟ್ಟುತ್ತದೆ. ಅಂಟಿನ ಲೈನರಿಗೆ ರಿವೆಟ್ಟು ಬೇಡ, ಆದರೆ ಅಂಟು ಗಟ್ಟಿಯಾಗಲು ಒಲೆಯ ಬಿಸಿ, ಒತ್ತಡ, ಸಮಯ ಮೂರೂ ಬೇಕು. ಬೀದಿಬದಿಯಲ್ಲಿ ಸಾಮಾನ್ಯ ಅಂಟು ಹಚ್ಚಿ ಬಿಸಿಲಿಗಿಟ್ಟದ್ದನ್ನು ಯಾವ ಕಾರಣಕ್ಕೂ ಚಕ್ರದೊಳಗೆ ಬಿಡಬಾರದು.

ಕಟ್ಟಿದ ಮೇಲೆ ಹೊಂದಿಕೆ. ಡ್ರಮ್ಮಿನ ಒಳಮೈಗೆ ಸೀಮೆಸುಣ್ಣ ಬಳಿದು, ಶೂ ಕೂರಿಸಿ, ಬ್ರೇಕನ್ನು ಮೆಲ್ಲಗೆ ಒತ್ತಿ ಚಕ್ರ ತಿರುಗಿಸಿದರೆ ಲೈನರು ಎಲ್ಲಿ ತಾಗುತ್ತದೋ ಅಲ್ಲಿ ಬಿಳಿ ಹತ್ತುತ್ತದೆ. ಆ ಉಬ್ಬುಗಳನ್ನು ಅರದಿಂದ, ಆಮೇಲೆ ಉಪ್ಪುಕಾಗದದಿಂದ ಇಳಿಸಬೇಕು. ಎರಡೂ ತುದಿಯ ಅಂಚನ್ನು ಓರೆಯಾಗಿ ಉಜ್ಜಿದರೆ ಬ್ರೇಕು ಜಗ್ಗನೆ ಕಚ್ಚುವುದಿಲ್ಲ, ಕೀರಲೂ ಕಡಿಮೆ. ಅರ್ಧ ಗಂಟೆಯ ಈ ಕೆಲಸಕ್ಕೆ ಯಾರೂ ಬೇರೆ ದುಡ್ಡು ಕೊಡುವುದಿಲ್ಲವಾದ್ದರಿಂದ ಯಾರೂ ಮಾಡುವುದೂ ಇಲ್ಲ.

ಜೋಡಿಸುವಾಗ ಕ್ಯಾಮಿಗೂ ಪಿನ್ನಿಗೂ ಉಗುರಿನ ತುದಿಯಷ್ಟು ಗ್ರೀಸು ಸಾಕು. ಶೂ, ಡ್ರಮ್ಮುಗಳನ್ನು ಸೀಮೆಎಣ್ಣೆಯಲ್ಲಿ ತೊಳೆಯುವ ಅಭ್ಯಾಸ ಕೆಟ್ಟದ್ದು, ಅದರ ಜಿಡ್ಡು ಲೈನರಿನಲ್ಲಿ ಇಂಗಿ ಉಳಿಯುತ್ತದೆ. ಕೇಬಲ್ಲಿನ ಒಂದು ಎಳೆ ಹರಿದಿದ್ದರೂ ಬದಲಿಸಬೇಕು. ಹೊರಕವಚ ಮಡಿಚಿಕೊಂಡಿದ್ದರೆ ಹೊಸ ಒಳತಂತಿಯಿಂದ ಪ್ರಯೋಜನವಿಲ್ಲ. ಚಕ್ರ ಎತ್ತಿ ತಿರುಗಿಸಿದಾಗ ಲೈನರು ಸವರುವ ಸದ್ದು ಬರುವವರೆಗೆ ಬಿಗಿಸಿ, ಸದ್ದು ನಿಲ್ಲುವಷ್ಟು ಸಡಿಲಿಸುವುದು ಸರಿಯಾದ ಅಳತೆ. ಮೊದಲ ನೂರಿನ್ನೂರು ಕಿಲೋಮೀಟರ್ ಹೊಸ ಲೈನರು ಪೂರ್ತಿ ಹಿಡಿಯುವುದಿಲ್ಲ. ಹಾಗಾಗಿ ಆವರೆಗೆ ಘಾಟು ಹತ್ತದಿರುವುದು, ಆಮೇಲೆ ಮತ್ತೊಮ್ಮೆ ಹೊಂದಿಸುವುದು ಕ್ರಮ.

ಕಲ್ನಾರಿನ ದೂಳು

ಇಂಗ್ಲೆಂಡಿನಲ್ಲಿ 1897ರಲ್ಲಿ ಫೆರೋಡೊ ಸಂಸ್ಥೆ ಕಟ್ಟಿದ ಹರ್ಬರ್ಟ್ ಫ್ರೂಡ್‌ನ ಕಾಲದಿಂದ ಬೆಳೆದ ಲೈನರ್ ಉದ್ಯಮ ಇಪ್ಪತ್ತನೆಯ ಶತಮಾನದ ಬಹುಪಾಲು ಕಲ್ನಾರನ್ನೇ ನೆಚ್ಚಿತ್ತು. ಶಾಖ ತಡೆಯುವ, ಅಗ್ಗದ, ಬೇಕಾದಂತೆ ಬಾಗುವ ವಸ್ತು ಅದು. ಅದರ ದೂಳು ಮಾತ್ರ ಶ್ವಾಸಕೋಶದಲ್ಲಿ ಉಳಿದು ದಶಕಗಳ ಮೇಲೆ ಕ್ಯಾನ್ಸರ್ ತರಬಲ್ಲದು. ಬ್ರಿಟನ್ 1999ರಲ್ಲಿ ಕಲ್ನಾರನ್ನು ನಿಷೇಧಿಸಿತು, ಯುರೋಪಿಯನ್ ಒಕ್ಕೂಟದಲ್ಲಿ 2005ರಿಂದ ನಿಷೇಧವಿದೆ. ಭಾರತದಲ್ಲಿ ಸುಪ್ರೀಂ ಕೋರ್ಟು 1995ರ ಜನವರಿಯ ತೀರ್ಪಿನಲ್ಲಿ ಕಲ್ನಾರು ಕಾರ್ಖಾನೆಗಳ ಕಾರ್ಮಿಕರ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ ಅಥವಾ ನಿವೃತ್ತಿಯ ಬಳಿಕ 15 ವರ್ಷ, ಇವೆರಡರಲ್ಲಿ ಯಾವುದು ತಡವೋ ಅಲ್ಲಿಯವರೆಗೆ ಇಡಬೇಕೆಂದು ಆದೇಶಿಸಿತು. ಬೀದಿಬದಿಯಲ್ಲಿ ಡ್ರಮ್ಮು ತೆಗೆದು 'ಉಫ್' ಎಂದು ಬಾಯಿಂದ ದೂಳು ಊದುವ ಹುಡುಗನ ದಾಖಲೆ ಇಡುವವರು ಯಾರೂ ಇಲ್ಲ. ಹಳೆಯ ಲೈನರಿನಲ್ಲಿ ಏನಿದೆಯೆಂದು ಕಣ್ಣಿಗೆ ಕಾಣದು. ಎಲ್ಲವನ್ನೂ ಕಲ್ನಾರೆಂದೇ ಎಣಿಸಿ, ಗಾಳಿ ಹೊಡೆಯದೆ, ಒದ್ದೆ ಬಟ್ಟೆಯಿಂದ ಒರೆಸಿ ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಎಸೆಯುವುದೊಂದೇ ಸುರಕ್ಷಿತ ದಾರಿ.

ನಿಯಮಗಳು

ವಾಹನಗಳ ಪರೀಕ್ಷೆ, ಪ್ರಮಾಣೀಕರಣ ನಡೆಸುವ ಆಟೊಮೋಟಿವ್ ರಿಸರ್ಚ್ ಅಸೋಸಿಯೇಷನ್ ಆಫ್ ಇಂಡಿಯಾ 1966ರಿಂದ ಪುಣೆಯಲ್ಲೇ ಇದೆ. ಹೊಸ ದ್ವಿಚಕ್ರಗಳಿಗೆ 2019ರ ಏಪ್ರಿಲ್ 1ರಿಂದ ಎಂಜಿನ್ನಿನ ಗಾತ್ರಕ್ಕೆ ತಕ್ಕಂತೆ ಎರಡೂ ಚಕ್ರವನ್ನು ಒಟ್ಟಿಗೆ ಹಿಡಿಯುವ ವ್ಯವಸ್ಥೆ ಅಥವಾ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆ ಕಡ್ಡಾಯ. ಹಳೆಯ ಚೇತಕ್‌ಗೆ ಇದು ಅನ್ವಯಿಸದು. ಅದಕ್ಕಿರುವ ಗಂಡಾಂತರ 15 ವರ್ಷಕ್ಕೆ ಬರುವ ನೋಂದಣಿ ನವೀಕರಣ. ಆಮೇಲೆ ಐದೈದು ವರ್ಷಕ್ಕೊಮ್ಮೆ. ಎಂಎಚ್-12 ಫಲಕದ ಗಾಡಿ ಪುಣೆಯ, ಎಂಎಚ್-14ರದ್ದು ಪಿಂಪ್ರಿ-ಚಿಂಚವಾಡದ ಸಾರಿಗೆ ಕಚೇರಿಗೆ ಹೋಗಬೇಕು. ತಪಾಸಣೆಯಲ್ಲಿ ಬ್ರೇಕೂ ಸೇರಿದೆ. ಅದರ ಹಿಂದಿನ ದಿನ ಅಡ್ಜಸ್ಟರ್ ಬಿಗಿಸಿ ಪಾಸು ಮಾಡಿಸಿಕೊಳ್ಳುವವರಿಗೆ ಕೊರತೆಯಿಲ್ಲ.

ಬಿಡಿಭಾಗ

ನಾನಾ ಪೇಠೆಯ ವಾಹನ ಬಿಡಿಭಾಗಗಳ ಅಂಗಡಿಗಳಲ್ಲಿ ಶೂ, ಸೀಲ್, ಸ್ಪ್ರಿಂಗು, ಕೇಬಲ್ ಈಗಲೂ ಸಿಗುತ್ತವೆ. ಬುಧವಾರ, ಭಾನುವಾರ ನೆರೆಯುವ ಜುನಾ ಬಜಾರಿನಲ್ಲಿ ಹಳೆಯ ಡ್ರಮ್ಮು ಹುಡುಕುವವರು ಕೈಯಲ್ಲಿ ಕ್ಯಾಲಿಪರ್ ಹಿಡಿದೇ ಹೋಗಬೇಕು. ಒಳವ್ಯಾಸವನ್ನು ಎರಡು ಮೂರು ದಿಕ್ಕಿನಲ್ಲಿ ಅಳೆದರೆ ಗುಂಡುತನ ತಿಳಿಯುತ್ತದೆ. ನಕಲಿ ಶೂಗಳಲ್ಲಿ ಸಾಮಾನ್ಯವಾಗಿ ಕೆಡುವುದು ಲೈನರಿಗಿಂತ ಹೆಚ್ಚಾಗಿ ಅಲ್ಯುಮಿನಿಯಂ ಎರಕ. ಪಿನ್ನಿನ ತೂತು ಓರೆಯಾಗಿ ಶೂವಿನ ಒಂದಂಚು ಮಾತ್ರ ಡ್ರಮ್ಮಿಗೆ ತಾಗುತ್ತದೆ. ಆದ್ದರಿಂದ ಕಾರ್ಖಾನೆಯ ಮೂಲ ಶೂಗಳು ಗಾಡಿಯಲ್ಲಿ ಇನ್ನೂ ಇದ್ದರೆ, ಅವು ಬಿರುಕು ಬಿಟ್ಟಿರದಿದ್ದರೆ, ಗುಜರಿಗೆ ಹಾಕದೆ ಅವುಗಳ ಮೇಲೆಯೇ ಕಲ್ನಾರಿಲ್ಲದ ಹೊಸ ಲೈನರ್ ಕಟ್ಟಿಸುವುದು ಒಳ್ಳೆಯದು. ಎರಡು ಶೂಗಳನ್ನೂ ಒಟ್ಟಿಗೇ ಕಟ್ಟಿಸಬೇಕು.